ರಾಚೆಸ್ಟರ್ ಕೋಟೆಗೆ ಹೋದರೆ ಮೊದಲು ಹೊರಗೊಂದು ಸುತ್ತು ಬನ್ನಿ

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ವೇಗದ ರೈಲು ಹಿಡಿದರೆ ಮುಕ್ಕಾಲು ಗಂಟೆಯೊಳಗೆ ಕೆಂಟ್ ಪ್ರಾಂತ್ಯದ ರಾಚೆಸ್ಟರ್ ಸಿಗುತ್ತದೆ; ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು. ಕೋಟೆಯ ಅಂಗಳಕ್ಕೆ ಶುಲ್ಕವಿಲ್ಲ, ಒಳಗಿನ ಮಹಾಗೋಪುರಕ್ಕೆ ಮಾತ್ರ ಟಿಕೆಟ್ ಪಡೆಯಬೇಕು. ಟಿಕೆಟ್ ಕೈಗೆ ಬಂದ ಉತ್ಸಾಹದಲ್ಲಿ ನಾನು ನೇರವಾಗಿ ಮೆಟ್ಟಿಲೇರಿದೆ. ನೋಡಬೇಕಾದದ್ದು ಕೆಳಗೇ ಇತ್ತೆಂಬುದು ಇಳಿದು ಬಂದ ಮೇಲೆ ತಿಳಿಯಿತು.

1127ರ ನಂತರ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಕಟ್ಟಿಸಿದ ಈ ಗೋಪುರದ ಮೂರು ಮೂಲೆಗಳು ಚೌಕವಾಗಿದ್ದರೆ, ಆಗ್ನೇಯದ ಮೂಲೆಯೊಂದು ಮಾತ್ರ ದುಂಡಗಿದೆ. 1215ರ ಅಕ್ಟೋಬರಿನಲ್ಲಿ ದಂಗೆಯೆದ್ದ ಸರದಾರರು ಕೋಟೆಯನ್ನು ಹಿಡಿದಾಗ, ಇಂಗ್ಲೆಂಡಿನ ದೊರೆ ಜಾನ್ ಮುತ್ತಿಗೆ ಹಾಕಿ ಕವಣೆಯಂತ್ರಗಳಿಂದ ಕಲ್ಲು ಬೀರಿಸಿದನು. ಸುಮಾರು ಹನ್ನೆರಡು ಅಡಿ ದಪ್ಪದ ಗೋಡೆ ಅದಕ್ಕೆ ಜಗ್ಗದಿದ್ದಾಗ ಮೂಲೆಯ ಅಡಿಪಾಯದ ಕೆಳಗೆ ಸುರಂಗ ತೋಡಿಸಿ, ಮರದ ಆಧಾರಕಂಬಗಳನ್ನು ನಿಲ್ಲಿಸಿ, ತಿನ್ನಲು ಅಷ್ಟೇನೂ ಚೆನ್ನಾಗಿರದ ಆದರೆ ಚೆನ್ನಾಗಿ ಕೊಬ್ಬಿದ 40 ಹಂದಿಗಳನ್ನು ಹಗಲಿರುಳೆನ್ನದೆ ಕಳುಹಿಸುವಂತೆ ನವೆಂಬರ್ 25ರಂದು ತನ್ನ ಅಧಿಕಾರಿ ಹ್ಯೂಬರ್ಟ್ ಡಿ ಬರ್ಗ್‌ಗೆ ಬರೆದನು. ಕೊಬ್ಬಿನ ಉರಿಗೆ ಕಂಬಗಳು ಸುಟ್ಟು ಮೂಲೆ ಕುಸಿಯಿತು. ಮುಂದಿನ ದೊರೆಯ ಕಾಲದಲ್ಲಿ ಅದನ್ನು ದುಂಡಗೆ ಕಟ್ಟಿದರು. ಚೌಕದ ಮೂಲೆಗಿರುವಂತೆ ಹಾರೆ ಹಾಕಿ ಮೀಟಲು ಅದಕ್ಕೆ ಅಂಚಿಲ್ಲ.

ಮೂಲೆ ಬಿದ್ದರೂ ಒಳಗಿದ್ದವರು ಒಡನೆ ಸೋಲಲಿಲ್ಲ ಏಕೆಂಬುದು ಒಳಹೊಕ್ಕರೆ ಗೊತ್ತಾಗುತ್ತದೆ. ಗೋಪುರವನ್ನು ಇಬ್ಭಾಗ ಮಾಡುವ ಅಡ್ಡಗೋಡೆಯ ಆಚೆ ಸರಿದು, ಕುದುರೆಮಾಂಸ ತಿಂದುಕೊಂಡು ಅವರು ಹೋರಾಡಿದರು. ಆ ಗೋಡೆಯೊಳಗೇ ಬಾವಿಯ ಕೊಳವೆ ಮೇಲಿನವರೆಗೆ ಏರಿದ್ದು, ಪ್ರತಿ ಅಂತಸ್ತಿನಲ್ಲೂ ನೀರು ಸೇದಲು ಒಂದೊಂದು ಕಿಂಡಿಯಿದೆ. ಮರದ ನೆಲಗಳು ಈಗಿಲ್ಲ; ತೊಲೆ ಕೂರಿಸಿದ್ದ ಗೂಡುಗಳ ಸಾಲನ್ನು ಎಣಿಸಿದರೆ ಅಂತಸ್ತುಗಳ ಲೆಕ್ಕ ಸಿಗುತ್ತದೆ. ಅನ್ನ ಮುಗಿದು ನವೆಂಬರ್ 30ರಂದು ಅವರು ಶರಣಾದರು.

ಗೋಪುರಕ್ಕೆ ಚಾವಣಿಯಿಲ್ಲ, ಸುರುಳಿ ಮೆಟ್ಟಿಲುಗಳು ಇಕ್ಕಟ್ಟು, ಪಾರಿವಾಳದ ಹಿಕ್ಕೆಯೂ ಸಾಕಷ್ಟಿದೆ. ಆದ್ದರಿಂದ ಮಳೆಯ ದಿನ ಬೇಡ, ಹಿಡಿತವಿರುವ ಬೂಟು ಬೇಕು. ಇನ್ನೊಂದು ದಿನ ಬಿಡುವಿದ್ದರೆ ಡೋವರ್ ಕೋಟೆಗೆ ಹೋಗಿ. ಹಂದಿಗಳ ಆಜ್ಞೆ ಪಡೆದ ಅದೇ ಹ್ಯೂಬರ್ಟ್ ಮರುವರ್ಷ ಅಲ್ಲಿ ಫ್ರಾನ್ಸಿನ ರಾಜಕುಮಾರ ಲೂಯಿಯ ಮುತ್ತಿಗೆಗೆ ಒಳಗಾಗಿ, ಸುರಂಗದಿಂದ ಕುಸಿದ ಬಾಗಿಲನ್ನು ಮರದ ದಿಮ್ಮಿಗಳಿಂದ ಮುಚ್ಚಿಸಿ ಕೋಟೆ ಉಳಿಸಿಕೊಂಡನು. ಆ ಉತ್ತರದ ಬಾಗಿಲನ್ನು ಆಮೇಲೆ ಶಾಶ್ವತವಾಗಿ ಕಟ್ಟಿಬಿಟ್ಟರು. ಅದನ್ನೂ ಹೊರಗಿನಿಂದಲೇ ನೋಡಬೇಕು.