ಪರದೆಯ ಮೇಲೆ ಹುತ್ತ ಎದ್ದಾಗ ನೋಡಬೇಕಾದ ಲೆಕ್ಕ

ತುಮಕೂರು ಸೀಮೆಯ ಬದುಗಳಲ್ಲಿ ಕಾಣುವ ಎತ್ತರದ ಹುತ್ತ ಕಟ್ಟುವ ಗೆದ್ದಲುಗಳಲ್ಲಿ ಒಡೊಂಟೊಟರ್ಮಿಸ್ ಒಬೆಸಸ್ ಮುಖ್ಯವಾದದ್ದು. ಅಲ್ಲಿ ಮೇಸ್ತ್ರಿಯಿಲ್ಲ, ನಕ್ಷೆಯಿಲ್ಲ. ಒಂದು ಹುಳು ಇಟ್ಟ ಮಣ್ಣುಂಡೆಯೇ ಮುಂದಿನದಕ್ಕೆ ಸೂಚನೆ. 1959ರಲ್ಲಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ಗ್ರಾಸೆ ಇದನ್ನು ಸ್ಟಿಗ್ಮರ್ಜಿ ಎಂದರು. ಇದನ್ನು ಕಂಪ್ಯೂಟರಿನಲ್ಲಿ ಕೃತಕ ಹುಳುಗಳಿಂದ ಅನುಕರಿಸಲು ಕೋಡ್ ಬರೆಯುವುದು ಸುಲಭ. ಪರದೆಯಲ್ಲಿ ಉಂಡೆಗಳು ಪೇರಿ ಎದ್ದ ಕಂಬ ನಿಯಮದ ಫಲವೋ ಲೆಕ್ಕದ ಎಡವಟ್ಟೋ ಎಂದು ಬಿಡಿಸುವುದರಲ್ಲೇ ಹೆಣಗಾಟ.

100×100 ಮನೆಗಳ (ಚೌಕಗಳ) ಹಾಸು, 500 ಹುಳು ಎಂದಿಟ್ಟುಕೊಳ್ಳಿ. ಉಂಡೆಯ ವಾಸನೆ ಬೇರೆ ಹುಳುಗಳನ್ನೂ ಅಲ್ಲೇ ಉಂಡೆ ಇಡುವಂತೆ ಸೆಳೆಯುತ್ತದೆ ಎಂಬುದು ಇಲ್ಲಿನ ಊಹೆ. ಪ್ರತಿ ಉಂಡೆಗೆ 1 ಪಾಲು ವಾಸನೆ. ಅದು ಹರಡುವ ದರ 0.1, ಆರುವ ದರ 0.001. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ 10. ವಾಸನೆಯ ಹಿಡಿತ ಸುಮಾರು ಅಷ್ಟು ಮನೆ. ಆರುವ ದರ 0.1 ಆದರೆ ಹಿಡಿತ ಒಂದೇ ಮನೆ, ಉಂಡೆಗಳು ರಾಗಿ ಎರಚಿದಂತೆ ಬೀಳುತ್ತವೆ. 0.00001 ಆದರೆ ಹಾಸಿನುದ್ದಕ್ಕೂ ಒಂದೇ ವಾಸನೆ, ಕಂಬವೇ ಏಳದು.

ಹೊಸಬರು ಹೆಚ್ಚು ಎಡವುವುದು ಉಂಡೆ ಇಡಿಸುವ ಮಿತಿಯಲ್ಲಿ, ಅಂದರೆ ಎಷ್ಟು ವಾಸನೆ ಸಿಕ್ಕರೆ ಹುಳು ಉಂಡೆ ಇಡಬೇಕು ಎಂಬಲ್ಲಿ. ಹುಳುವೊಂದು 50 ಹೆಜ್ಜೆಗೊಂದು ಉಂಡೆ ಇಟ್ಟರೆ, ಹೆಜ್ಜೆಗೆ ಒಟ್ಟು 10 ಉಂಡೆ. 10ನ್ನು ಆರುವ ದರ 0.001ರಿಂದ ಭಾಗಿಸಿದರೆ 10,000, ಇದು ಕೊನೆಗೆ ಹಾಸಿನಲ್ಲಿ ನಿಲ್ಲುವ ಒಟ್ಟು ವಾಸನೆ. ಅಂಚಿನಲ್ಲಿ ವಾಸನೆ ಸೋರದಿದ್ದರೆ ಮನೆಗೆ ಸರಾಸರಿ 1. ಮಿತಿ ಇದಕ್ಕಿಂತ ಕೆಳಗಿದ್ದರೆ ಕಂಡಕಂಡಲ್ಲಿ ಇಡುತ್ತವೆ. 2ರಿಂದ 3ರ ನಡುವೆ ಶುರುಮಾಡಿ. ವಾಸನೆಯೇ ಇಲ್ಲದ ಕಡೆಯೂ ಇಡುವ ಸಣ್ಣ ಸಾಧ್ಯತೆ ಬಿಡಿ, ಇಲ್ಲವಾದರೆ ಮೊದಲ ಉಂಡೆಯೇ ಬೀಳದು.

ಹರಡುವ ದರವನ್ನು ಕಾಲದ ಹೆಜ್ಜೆಯಿಂದ ಗುಣಿಸಿ ಮನೆಯ ಅಗಲದ ವರ್ಗದಿಂದ ಭಾಗಿಸಿದ್ದು, ಸರಳ ವಿಧಾನದಲ್ಲಿ, ಎರಡು ಆಯಾಮಕ್ಕೆ 1/4, ಮೂರಕ್ಕೆ 1/6 ದಾಟಬಾರದು. ದಾಟಿದರೆ ಚದುರಂಗದ ಹಾಸಿನಂಥ ಚೌಕುಳಿ ಮೂಡಿ ವಾಸನೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಸಾಲಾಗಿ ಎದ್ದ ಕಂಬ ನೋಡಿ ಹಿಗ್ಗುವ ಮುಂಚೆ ಇದನ್ನು ನೋಡಿ. ಹುಳುಗಳ ಸರದಿಯನ್ನೂ ಪ್ರತಿ ಹೆಜ್ಜೆಗೆ ಕಲೆಸಬೇಕು. ಇಲ್ಲದಿದ್ದರೆ ಪಟ್ಟಿಯ ಮೊದಲಿನವೇ ಖಾಲಿ ಜಾಗ ಹಿಡಿಯುತ್ತವೆ.

ಬೀಜಸಂಖ್ಯೆ (ಯಾದೃಚ್ಛಿಕ ಸಂಖ್ಯೆಗಳ ಸಾಲನ್ನು ಶುರುಮಾಡಿಸುವ ಸಂಖ್ಯೆ) ಬದಲಿಸಿ 30 ಸಲವಾದರೂ ಓಡಿಸಿ. ಆಮೇಲೆ ವಾಸನೆಯ ಪ್ರಭಾವ ಸೊನ್ನೆ ಮಾಡಿ ಮತ್ತೆ 30 ಸಲ. ಇನ್ನೊಂದು ಉಂಡೆ ಸಿಕ್ಕಲ್ಲಿ ಇಳಿಸು ಎಂಬ ನಿಯಮವೊಂದೇ ಇದ್ದರೂ ಗುಡ್ಡೆ ಬೀಳುತ್ತದೆ, ಹಾಗಾಗಿ ಗುಡ್ಡೆ ಕಂಡಿತೆಂದು ವಾಸನೆಗೆ ಸಾಕ್ಷಿ ಸಿಕ್ಕಂತಲ್ಲ. ಈಚಿನ ಪ್ರಯೋಗಗಳು ಈ ವಾಸನೆಯನ್ನೇ ಪ್ರಶ್ನಿಸಿ, ಮೇಲ್ಮೈಯ ಬಾಗು, ತೇವ ಆರುವ ಬಗೆಯತ್ತ ಬೆರಳು ತೋರಿವೆ.

ಪರದೆಯ ಹುತ್ತದೊಂದಿಗೆ ಹೋಲಿಸುವ ಅಳತೆಗೆ ಹೊಲದ ಹುತ್ತವೇ ಬೇಕಾದರೆ ತನಿ ಎರೆಯುವ ಹುತ್ತ ಬಿಟ್ಟುಬಿಡಿ. ಹಾಲು ಹರಿದು, ಅರಿಶಿನ ಕುಂಕುಮ ಮೆತ್ತಿ ಮೇಲ್ಮೈ ಬದಲಾಗಿರುತ್ತದೆ. ಪೂಜೆಯ ಜಾಗದಲ್ಲಿ ಟೇಪು ಹಿಡಿದು ನಿಂತರೆ ಊರಿನವರೂ ಸುಮ್ಮನಿರುವುದಿಲ್ಲ.