ಹಾನ್ಲೆ ದಾರಿ: ಚೀಲದಲ್ಲಿ ಏನಿರಬೇಕು, ಏನಿರಲೇಬಾರದು

ಲಡಾಖ್‌ನ ಹಾನ್ಲೆ, ಉಮ್ಲಿಂಗ್ ಲಾ (‘ಲಾ’ ಅಂದರೆ ಬೆಟ್ಟ ದಾಟುವ ದಾರಿ, ಪಾಸ್) ಕಡೆಗೆ ಸ್ವಂತ ಗಾಡಿಯಲ್ಲಿ ಹೊರಡುವವರ ಕೈಯಲ್ಲಿ ಓಡಾಡುವ ಸಾಮಾನು ಪಟ್ಟಿಗಳಲ್ಲಿ ಒಂದು ಅಪಾಯಕಾರಿ ಸಾಲು ಇರುತ್ತದೆ: ‘ಸ್ಯಾಟಲೈಟ್ ಮೆಸೆಂಜರ್’, ಅಂದರೆ ಟವರ್ ಇಲ್ಲದ ಕಡೆಯಿಂದಲೂ ಉಪಗ್ರಹದ ಮೂಲಕ ಸಂದೇಶ ಕಳಿಸುವ ಕೈಸಾಧನ. ಅದು ಅಮೆರಿಕ, ಆಸ್ಟ್ರೇಲಿಯಾದವರ ಪಟ್ಟಿಯಿಂದ ಹಾಗೇ ಎತ್ತಿ ತಂದದ್ದು. ಅಲ್ಲಿ ಅದು ಜೀವ ಉಳಿಸುವ ಸಾಧನ. ಇಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಪೊಲೀಸ್ ಕೇಸು ಬೀಳುತ್ತದೆ. 2024ರ ಕೊನೆಗೆ ಗೋವಾ ವಿಮಾನ ನಿಲ್ದಾಣದಲ್ಲಿ ಗಾರ್ಮಿನ್ ಇನ್‌ರೀಚ್ ಎಂಬ ಇಂಥದೇ ಸಾಧನದ ಸಮೇತ ಸಿಕ್ಕಿಬಿದ್ದ ವಿದೇಶಿ ಪ್ರವಾಸಿಯೊಬ್ಬರು ಠಾಣೆ, ಕೋರ್ಟು ಅಲೆಯಬೇಕಾಯಿತು. ಆದ್ದರಿಂದ ಹೊರದೇಶದಿಂದ ರಜೆಗೆ ಬರುವ ಮಗನೋ ಅಳಿಯನೋ ‘ನನ್ನ ಹತ್ತಿರ ಇದೆ, ತರ್ತೀನಿ’ ಅಂದರೆ ದಯವಿಟ್ಟು ಬೇಡ ಅನ್ನಿ. ಇರಿಡಿಯಂ, ಥುರಾಯಾ ಉಪಗ್ರಹ ಫೋನುಗಳಿಗೂ ಇದೇ ಮಾತು.

ತೊಡಕು ಏನೆಂದರೆ, ಹೆಸರು ನೋಡಿ ಗೊತ್ತಾಗುವುದಿಲ್ಲ. ಗಾರ್ಮಿನ್‌ನ ಕೈಜಿಪಿಎಸ್‌ಗಳಲ್ಲಿ ಬರೀ ಸಿಗ್ನಲ್ ಪಡೆಯುವ ಮಾದರಿಗಳಿವೆ, ಅವುಗಳಿಂದ ತೊಂದರೆ ಇಲ್ಲ: ಇಟ್ರೆಕ್ಸ್, ಜಿಪಿಎಸ್‌ಮ್ಯಾಪ್ 65, 67 ಇತ್ಯಾದಿ. ಅದೇ 67ರ ಮುಂದೆ ‘ಐ’ ಅಕ್ಷರ ಸೇರಿದರೆ, ಅಂದರೆ 66ಐ, 67ಐ, ಮೊಂಟಾನಾ 700ಐ ಆದರೆ, ಒಳಗೆ ಇರಿಡಿಯಂ ಟ್ರಾನ್ಸ್‌ಮಿಟರ್ ಕೂತಿರುತ್ತದೆ. ಚಂದಾ ಕಟ್ಟಿಲ್ಲ, ಆಫ್ ಮಾಡಿದ್ದೇನೆ ಅಂದರೂ ಸಾಧನ ನಿಮ್ಮ ಚೀಲದಲ್ಲಿ ಇದ್ದದ್ದು ಇದ್ದದ್ದೇ. ಹಳೆಯದನ್ನು ಕೊಳ್ಳುವಾಗ ಡಬ್ಬಿಯ ಮೇಲಿನ ಆ ಒಂದು ಅಕ್ಷರವನ್ನು ಎರಡು ಸಲ ನೋಡಿ.

ಐಫೋನ್ 14ರಿಂದ ಈಚಿನ ಫೋನುಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯವಿದೆಯಲ್ಲ, ಅದನ್ನು ಭಾರತದಲ್ಲಿ ಕೊಟ್ಟಿಲ್ಲ. ಅದನ್ನು ನೆಚ್ಚಿ ಹೋಗಬೇಡಿ. ಕಾನೂನಿನ ದಾರಿಯಲ್ಲಿ ಸಿಗುವುದು ಬಿಎಸ್‌ಎನ್‌ಎಲ್ ಮೂಲಕದ ಇನ್ಮಾರ್‌ಸ್ಯಾಟ್ ಉಪಗ್ರಹ ಫೋನು. ಇಲಾಖೆಯ ಒಪ್ಪಿಗೆ ಬೇಕು, ಕಾಗದಪತ್ರ ಬಹಳ. ಹತ್ತು ದಿನದ ಕುಟುಂಬ ಪ್ರವಾಸಕ್ಕೆ ಅದು ಕೈಗೆಟುಕುವುದಿಲ್ಲ. ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್‌ಗಳ ಕರೆ ಭಾರತದಲ್ಲಿ ಬಂದು ಮುಟ್ಟುವುದು ನಮ್ಮ ಬೆಂಗಳೂರಿನ ಇಸ್ಟ್ರಾಕ್‌ನಲ್ಲಿರುವ ಇಸ್ರೋ ಕೇಂದ್ರಕ್ಕೇ. ಆದರೂ ಬೀಕನ್ ಒಯ್ಯುವ ಮೊದಲು ನೋಂದಣಿ ಮತ್ತು ಇಲಾಖೆಯ ಅನುಮತಿ ಎರಡೂ ಲಿಖಿತವಾಗಿ ಕೈಯಲ್ಲಿರಲಿ. ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ಉಪಗ್ರಹ ಕೊಂಡಿಯಲ್ಲೇ ನಡೆಸುತ್ತಾರೆ. ಆ ಬೆಟ್ಟದ ಕೆಳಗೆ ಗಾಡಿ ಕೆಟ್ಟು ನಿಂತವರಿಗೆ ಅದರಿಂದ ಉಪಯೋಗವಿಲ್ಲ.

ಹಾಗಾದರೆ ಉಳಿದದ್ದೇನು? ಸರಿಯಾದ ಸಿಮ್, ನೆಟ್‌ವರ್ಕ್ ಬೇಡದ ನಕ್ಷೆ, ಸಾಕಷ್ಟು ಚಾರ್ಜು, ಮತ್ತು ನೀವು ಎಲ್ಲಿದ್ದೀರಿ ಎಂದು ಗೊತ್ತಿರುವ ಒಬ್ಬ ಮನುಷ್ಯ. ಇವು ನಾಲ್ಕೂ ಗಟ್ಟಿಯಾಗಿದ್ದರೆ ಈ ದಾರಿಗೆ ಸಾಲುತ್ತದೆ.

ಸಿಮ್ ವಿಚಾರದಲ್ಲಿ ಮೋಸ ಹೋಗುವವರೇ ಹೆಚ್ಚು. ಕರ್ನಾಟಕದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಯಾವ ಕಂಪನಿಯದಾದರೂ ಸರಿ. ಪೋಸ್ಟ್‌ಪೇಯ್ಡ್ ಬೇಕು. ಹೊರಡಲು ಒಂದು ತಿಂಗಳಿರುವಾಗಲೇ ಬದಲಾಯಿಸಿಕೊಳ್ಳಿ, ಕೊನೆಯ ವಾರದಲ್ಲಿ ಮಾಡಿದರೆ ಸಕ್ರಿಯವಾಗುವುದು ತಡವಾಗಿ ದಾರಿಯಲ್ಲೇ ಫೋನು ಸಾಯುತ್ತದೆ. ಸಿಮ್ ಸತ್ತರೆ ಯುಪಿಐ ಕೂಡ ಸತ್ತಂತೆ, ನಗದು ಇರಲಿ. ಒಂದೇ ಗಾಡಿಯಲ್ಲಿ ಇಬ್ಬರಿದ್ದರೆ ಇಬ್ಬರೂ ಒಂದೇ ಕಂಪನಿಯ ಸಿಮ್ ಇಟ್ಟುಕೊಳ್ಳಬೇಡಿ. ಒಂದು ಬಿಎಸ್‌ಎನ್‌ಎಲ್, ಇನ್ನೊಂದು ಜಿಯೊ ಅಥವಾ ಏರ್‌ಟೆಲ್. ಜಿಯೊಗೆ 2ಜಿ, 3ಜಿ ಇಲ್ಲ, ಹಾಗಾಗಿ ವೋಲ್ಟಿ (4ಜಿಯಲ್ಲೇ ಮಾತಾಡುವ ಸೌಲಭ್ಯ) ಇಲ್ಲದ ಹಳೇ ಬಟನ್ ಫೋನಿಗೆ ಹಾಕಿದರೆ ಮಾತಾಡಲಾಗದು. 112ಕ್ಕೆ ಕರೆ ಮಾಡುವಾಗ ಫೋನು ನಿಮ್ಮ ಕಂಪನಿಯ ಟವರ್ ಇಲ್ಲದಿದ್ದರೆ ಬೇರೆಯವರ ಟವರ್ ಹಿಡಿಯಲು ನೋಡುತ್ತದೆ. ಸಿಗ್ನಲ್ ಕಡ್ಡಿ ಇಲ್ಲವೆಂದು ಕೈಬಿಡದೆ ಒತ್ತಿ ನೋಡಬೇಕು.

ಊರುಗಳಲ್ಲಿ ಈಗ ಟವರ್ ಬಂದಿವೆ. ಊರು ದಾಟಿದ ಮೇಲಿನ ಬಯಲು, ಕಣಿವೆ, ಪಾಸ್‌ಗಳಲ್ಲಿ ಸಿಗ್ನಲ್ ನಂಬಬೇಡಿ. ಬಾಡಿಗೆ ಟ್ಯಾಕ್ಸಿಗಳಲ್ಲಿ ಕೆಂಪು ತುರ್ತು ಗುಂಡಿ ಇರುತ್ತದೆ, ಅದೂ ಮೊಬೈಲ್ ನೆಟ್‌ವರ್ಕ್ ಮೇಲೇ ನಡೆಯುವುದು. ಟವರ್ ಇಲ್ಲದ ಕಡೆ ಒತ್ತಿದರೆ ಆ ಕ್ಷಣಕ್ಕೆ ಯಾರಿಗೂ ತಿಳಿಯುವುದಿಲ್ಲ. ಗಡಿ ಹತ್ತಿರ ಫೋನು ಆಚೆ ಬದಿಯ ಟವರ್ ಹಿಡಿದು ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ಹಾಕುವುದುಂಟು. ಸ್ವಯಂ ಸಮಯ, ಅಂತರರಾಷ್ಟ್ರೀಯ ರೋಮಿಂಗ್ ಎರಡನ್ನೂ ಲೇಹ್‌ನಲ್ಲೇ ಆಫ್ ಮಾಡಿ.

ಇನ್ನು ನಕ್ಷೆ. ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ಭಾಗವನ್ನು ಇಳಿಸಿಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಮ್‌ಆಂಡ್ ಆಪ್‌ನಲ್ಲಿ ಕಚ್ಚಾ ದಾರಿಗಳು ಹೆಚ್ಚು ವಿವರವಾಗಿ ಕಾಣುತ್ತವೆ, ಎತ್ತರದ ಗೆರೆಗಳೂ ಸಿಗುತ್ತವೆ. ಹೋಗುವ ದಾರಿಯ ಜಿಪಿಎಕ್ಸ್ ಕಡತ (ನಕ್ಷೆಯ ಆಪ್‌ಗೆ ತುಂಬಿಕೊಳ್ಳುವ ದಾರಿಯ ಫೈಲು) ಸಿಕ್ಕರೆ ಅದು ‘ರೂಟ್’ ಆಗಿರದೆ ‘ಟ್ರ್ಯಾಕ್’ ಆಗಿರಲಿ. ರೂಟ್ ಅಂದರೆ ನಾಲ್ಕಾರು ಬಿಂದುಗಳು ಮಾತ್ರ, ನಡುವಿನ ದಾರಿಯನ್ನು ಆಪ್ ತನಗೆ ತಿಳಿದಂತೆ ಲೆಕ್ಕ ಹಾಕುತ್ತದೆ. ಅದಕ್ಕೆ ತಿಳಿದ ದಾರಿ ಹೊಳೆಯೊಳಗೂ ಹೋಗಬಹುದು. ಟ್ರ್ಯಾಕ್ ಅಂದರೆ ನಿಜವಾಗಿ ಓಡಿದ ಗಾಡಿಯ ಹೆಜ್ಜೆಗುರುತು.

ಹಾನ್ಲೆ ಇರುವ ಚಾಂಗ್‌ಥಾಂಗ್ ಎಂಬ ಎತ್ತರದ ಬಯಲಲ್ಲಿ ಒಂದೇ ದಿಕ್ಕಿಗೆ ಆರೇಳು ಚಕ್ರದ ಗುರುತುಗಳು ಹರಡಿಕೊಂಡಿರುತ್ತವೆ. ಹೆಚ್ಚು ಸವೆದದ್ದನ್ನೇ ಹಿಡಿಯಿರಿ. ಹೊಳೆಯ ಪಕ್ಕದ ಹಸಿರು ಜಾಗ ದೂರಕ್ಕೆ ಗಟ್ಟಿ ಹುಲ್ಲಂತೆ ಕಂಡರೂ ಅದು ಜೌಗು, ಆಕ್ಸಲ್‌ವರೆಗೆ ಹೂತರೆ ಎರಡನೇ ಗಾಡಿ ಇಲ್ಲದೆ ಬಿಡಿಸಲಾಗದು. ಅಲ್ಲಿನ ಹಕ್ಕಿಗಳು ಗೂಡು ಕಟ್ಟುವುದೂ, ಕುರಿಗಳು ಮೇಯುವುದೂ ಅದೇ ಜೌಗಿನಲ್ಲಿ. ಹೊಸ ಗುರುತು ಮೂಡಿಸುವ ಹಕ್ಕು ನಮಗಿಲ್ಲ.

ಅಕ್ಷಾಂಶ, ರೇಖಾಂಶ ಹೇಳುವಾಗ ಆಗುವ ತಪ್ಪು ಬಹಳ ದುಬಾರಿ. ಹಾನ್ಲೆ ವೀಕ್ಷಣಾಲಯ ಇರುವುದು 32 ಡಿಗ್ರಿ 46 ನಿಮಿಷ 46 ಸೆಕೆಂಡು ಉತ್ತರ, 78 ಡಿಗ್ರಿ 57 ನಿಮಿಷ 51 ಸೆಕೆಂಡು ಪೂರ್ವ. ದಶಮಾಂಶದಲ್ಲಿ ಇದು 32.7794, 78.9642. ಫೋನಿನಲ್ಲಿ ಕೇಳಿಸಿಕೊಂಡವರು 32.4646, 78.5751 ಎಂದು ಬರೆದುಕೊಂಡರೆ ಹುಡುಕುವ ಜಾಗ ಸುಮಾರು 50 ಕಿಲೋಮೀಟರ್ ಆಚೆಗೆ ಹೋಗುತ್ತದೆ. ಗುಂಪಿನವರೆಲ್ಲ ಹೊರಡುವ ಮೊದಲೇ ದಶಮಾಂಶ ರೂಪಕ್ಕೆ ಆಪ್ ಹೊಂದಿಸಿ, ಹೇಳುವಾಗ ‘ಪಾಯಿಂಟ್’ ಎಂದು ಬಾಯಿಬಿಟ್ಟು ಹೇಳಿ.

ಫ್ಲೈಟ್ ಮೋಡ್‌ನಲ್ಲೂ ಜಿಪಿಎಸ್ ನಡೆಯುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಫೋನು ಟವರ್ ಹುಡುಕುತ್ತಲೇ ಬ್ಯಾಟರಿ ಮುಗಿಸಿಬಿಡುತ್ತದೆ, ಆದ್ದರಿಂದ ದಾರಿ ತೋರಿಸುವ ಫೋನನ್ನು ಫ್ಲೈಟ್ ಮೋಡ್‌ನಲ್ಲಿಡಿ, ಕರೆಗೆ ಇನ್ನೊಂದು. ನೆಟ್‌ವರ್ಕ್ ನೆರವಿಲ್ಲದೆ ಮೊದಲ ಸಲ ಜಾಗ ಹಿಡಿಯಲು ಕೆಲವು ನಿಮಿಷ ಬೇಕು. ಅದು ಕೆಟ್ಟಿದೆ ಎಂದು ಪದೇ ಪದೇ ಆಫ್ ಆನ್ ಮಾಡಿದರೆ ಮತ್ತೆ ಮೊದಲಿಂದ ಶುರು. ಬೈಕಿನವರು ಹ್ಯಾಂಡಲ್‌ಗೆ ಫೋನು ಕಟ್ಟುವುದಾದರೆ ನಡುಕ ತಡೆಯುವ ರಬ್ಬರ್ ಡ್ಯಾಂಪರ್ ಇರುವ ಹೋಲ್ಡರ್ ಹಾಕಿ, ಇಲ್ಲದಿದ್ದರೆ ಕ್ಯಾಮೆರಾದ ಸ್ಟೆಬಿಲೈಸರ್ ಹಾಳಾಗುತ್ತದೆ. ಬೈಕಿಗೆ ಎರಡು ಡಬಲ್ ಎ ಸೆಲ್ ಹಾಕುವ ಇಟ್ರೆಕ್ಸ್ ಮಾದರಿಯೇ ಮೇಲು: ಸೆಲ್ ಬದಲಿಸಿದರೆ ಆಯಿತು. ಸೆಲ್ ಲಿಥಿಯಂನದ್ದೇ ಇರಲಿ, ಮಾಮೂಲಿ ಆಲ್ಕಲೈನ್ ಚಳಿಗೆ ಬೇಗ ಸೋಲುತ್ತದೆ.

ಚಾರ್ಜಿನ ಮಾತಿಗೆ ಬಂದರೆ, ಪಾಂಗಾಂಗ್ ದಂಡೆಯ ಸ್ಪಾಂಗ್ಮಿಕ್ ಟೆಂಟುಗಳ ಬಗ್ಗೆ ಹೇಳಲೇಬೇಕು. ಹಂಗಾಮಿನಲ್ಲಿ ರಾತ್ರಿಗೆ ಐದಾರು ಸಾವಿರ ಕೇಳುತ್ತಾರೆ, ‘ಕರೆಂಟ್ ಇದೆ, ವೈಫೈ ಇದೆ, ಸಿಗ್ನಲ್ ಇದೆ’ ಎನ್ನುತ್ತಾರೆ. ಹೋಗಿ ನೋಡಿದರೆ ಹಲವು ಕಡೆ ಕರೆಂಟ್ ಅಂದರೆ ಸಂಜೆ ಏಳರಿಂದ ಹತ್ತು, ಹನ್ನೊಂದರವರೆಗೆ ಓಡುವ ಜನರೇಟರ್. 20,000 ಎಂಎಎಚ್ ಪವರ್‌ಬ್ಯಾಂಕ್ ಅಂದರೆ 74 ವ್ಯಾಟ್‌ಅವರ್. 10 ವ್ಯಾಟ್‌ನ ಹಳೇ ಚಾರ್ಜರ್‌ಗೆ ಅದನ್ನು ತುಂಬಲು ಎಂಟೊಂಬತ್ತು ಗಂಟೆ, 18 ವ್ಯಾಟ್‌ನದಕ್ಕೂ ಐದು ಗಂಟೆ ಬೇಕು. ಟೆಂಟಿಗೆ ಒಂದೇ ಪ್ಲಗ್, ಫೋನು ಮೂರು, ಕ್ಯಾಮೆರಾ ಒಂದು. ಬೆಳಿಗ್ಗೆ ಅರ್ಧ ಚಾರ್ಜಿನಲ್ಲಿ ಚುಶೂಲ್ ಕಡೆ ಹೊರಡುವುದೇ ಆಗುತ್ತದೆ. ಅದೂ ಅಕ್ಕಪಕ್ಕದ ಟೆಂಟಿನ ಹಾಡು, ಗಲಾಟೆ ಕೇಳಿಕೊಂಡು ರಾತ್ರಿ ಕಳೆದ ಮೇಲೆ. ಅಷ್ಟು ದುಡ್ಡಿಗೆ ಅದು ತಕ್ಕ ಜಾಗವಲ್ಲ. ಮುಂದೆ ಮಾನ್, ಮೇರಕ್‌ನ ಮನೆಗಳಲ್ಲಿ ತಂಗಿ. ಎಲ್ಲೇ ಆದರೂ ‘ಕರೆಂಟ್ ಇದೆಯಾ’ ಎಂದು ಕೇಳಬೇಡಿ, ‘ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ’ ಎಂದು ಕೇಳಿ. ಓಡುವ ಗಾಡಿಯಲ್ಲೇ 12 ವೋಲ್ಟ್ ಸಾಕೆಟ್ಟಿಗೆ 18 ವ್ಯಾಟ್ ಮೀರಿದ ಚಾರ್ಜರ್ ಹಾಕಿ ತುಂಬಿಸುವುದು ಭರವಸೆಯ ದಾರಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಒಳಗೇ ಹಾಳಾಗುತ್ತದೆ. ರಾತ್ರಿ ಪವರ್‌ಬ್ಯಾಂಕ್ ನಿಮ್ಮ ರಜಾಯಿಯೊಳಗೆ ಮಲಗಲಿ. ವಿಮಾನದಲ್ಲಿ ಹೋಗುವವರು 100 ವ್ಯಾಟ್‌ಅವರ್ ಮೀರದಂತೆ, ಕೈಚೀಲದಲ್ಲೇ ಒಯ್ಯಿರಿ.

ಚುಮಾಥಾಂಗ್‌ನಲ್ಲಿ ಬಿಸಿನೀರ ಬುಗ್ಗೆಯ ಪಕ್ಕ ಇರುವ ಸಣ್ಣ ಊಟದ ಅಂಗಡಿಗಳಲ್ಲಿ ನಿಲ್ಲದೆ ಹೋಗಬೇಡಿ. ಅನ್ನ, ದಾಲ್, ಮೊಟ್ಟೆ, ಥುಕ್ಪಾ (ನೂಡಲ್ಸ್ ಹಾಕಿದ ಸೂಪು), ಅಷ್ಟೇ ಇರುವುದು. ಬಿಸಿ ಬಿಸಿ, ಹೊಟ್ಟೆ ತುಂಬ, ಲೇಹ್ ಮಾರುಕಟ್ಟೆಯ ಕೆಫೆಯ ಅರ್ಧ ದುಡ್ಡಿಗೂ ಕಡಿಮೆ. ಎತ್ತರದಲ್ಲಿ ಹಸಿವೇ ಆಗದವರಿಗೂ ಆ ತೆಳ್ಳನೆ ಥುಕ್ಪಾ ಇಳಿಯುತ್ತದೆ. ನೀರು, ಉಪ್ಪು, ಹಿಟ್ಟು ಮೂರೂ ದೇಹಕ್ಕೆ ಸಿಗುತ್ತವೆ. ನ್ಯೋಮಾ, ಹಾನ್ಲೆ ಕಡೆಯಿಂದ ಬರುವ ಲಾರಿ, ಟ್ಯಾಕ್ಸಿ ಚಾಲಕರೆಲ್ಲ ಇಂಥ ಕಡೆಯೇ ನಿಲ್ಲಿಸುವುದು. ಯಾವ ಟವರ್ ನಿನ್ನೆಯಿಂದ ಬಂದ್ ಇದೆ, ಎಲ್ಲಿ ನೀರು ರಸ್ತೆ ಮೇಲೆ ಹರಿಯುತ್ತಿದೆ, ಫೋಟಿ ಲಾದಲ್ಲಿ ಹಿಮ ಬಿದ್ದಿದೆಯೇ, ಇವು ಯಾವ ಆಪ್‌ನಲ್ಲೂ ಸಿಗದ ಸುದ್ದಿ. ಒಂದು ಚಹಾ ಕುಡಿದು ‘ಆಗೇ ರಾಸ್ತಾ ಕೈಸಾ ಹೈ’ (ಮುಂದೆ ದಾರಿ ಹೇಗಿದೆ) ಎಂದು ಕೇಳಿದರೆ ತಾಳ್ಮೆಯಿಂದ ಹೇಳುತ್ತಾರೆ. ಇದೂ ಸಂಪರ್ಕ ವ್ಯವಸ್ಥೆಯೇ.

ಗಾಡಿಗಳು ಎರಡಕ್ಕಿಂತ ಹೆಚ್ಚಿದ್ದರೆ ವಾಕಿಟಾಕಿ ಉಪಯುಕ್ತ. ಪರವಾನಗಿ ಬೇಡದ್ದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳು ಮಾತ್ರ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ 5 ವ್ಯಾಟ್‌ನ ಬಾವ್‌ಫೆಂಗ್ ಸೆಟ್ ಬಳಸಲು ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಬೇಕು. ಪರವಾನಗಿ ಇಲ್ಲದೆ ಗಡಿ ಚೆಕ್‌ಪೋಸ್ಟಿನಲ್ಲಿ ಅದು ಸಿಕ್ಕರೆ ನಿಮ್ಮ ಪ್ರವಾಸ ಅಲ್ಲಿಗೇ ನಿಲ್ಲಬಹುದು. ಡಬ್ಬಿಯ ಮೇಲಿನ ‘10 ಕಿಮೀ’ ಎಂಬ ಮಾತು ನಂಬಬೇಡಿ: ಕಾರಿನ ಒಳಗಿಂದ ಬಯಲಲ್ಲಿ ಒಂದೆರಡು ಕಿಲೋಮೀಟರ್, ತಿರುವಿನ ಹಿಂದೆ ಹೋದರೆ ಅದೂ ಇಲ್ಲ. ಕೇಳಿಸುವುದಿಲ್ಲ ಎನ್ನುವವರಲ್ಲಿ ಬಹಳಷ್ಟು ಜನ ಚಾನೆಲ್ ಸರಿ ಹಾಕಿ ‘ಪ್ರೈವಸಿ ಕೋಡ್’ ಬೇರೆ ಬೇರೆ ಇಟ್ಟಿರುತ್ತಾರೆ. ಎಲ್ಲ ಸೆಟ್‌ಗಳಲ್ಲೂ ಕೋಡ್ ಸೊನ್ನೆ ಮಾಡಿ. ಮಾತಿಗೆ ತಾನಾಗಿ ಆನ್ ಆಗುವ ವಾಕ್ಸ್ ಆಫ್ ಇರಲಿ, ಇಂಜಿನ್ ಸದ್ದಿಗೇ ಅದು ಚಾನೆಲ್ ಹಿಡಿದು ಕೂರುತ್ತದೆ.

ಕೊನೆಗೆ ಒಂದು ಕೆಲಸ, ಇದಕ್ಕೆ ದುಡ್ಡೇನೂ ಬೇಡ. ನಕ್ಷೆಯಲ್ಲಿ ಇಳಿಯುವ ದಾರಿಯನ್ನು ಬೇರೆ ಬಣ್ಣದಲ್ಲಿ ಗುರುತಿಸಿಕೊಳ್ಳಿ. ಎತ್ತರದಿಂದ ಶ್ವಾಸಕೋಶಕ್ಕೆ ನೀರು ತುಂಬಿದರೆ ಕೆಳಗೆ ಇಳಿಸುವುದೇ ಮೊದಲ ಚಿಕಿತ್ಸೆ, ಸಣ್ಣ ಆಮ್ಲಜನಕ ಡಬ್ಬಿ ಕೆಲವೇ ನಿಮಿಷಕ್ಕೆ ಮುಗಿಯುತ್ತದೆ. ಪಾಂಗಾಂಗ್‌ನಿಂದ ಲೇಹ್‌ಗೆ ಹತ್ತಿರದ ದಾರಿ 5,300 ಮೀಟರ್ ಮೀರಿದ ಚಾಂಗ್ ಲಾ ಹತ್ತಿ ಇಳಿಯುತ್ತದೆ, ಅಂದರೆ ರೋಗಿಯನ್ನು ಮತ್ತೆ ಸಾವಿರ ಮೀಟರ್ ಮೇಲಕ್ಕೆ ಒಯ್ಯಬೇಕು. ಹಾನ್ಲೆಯಿಂದ ಹಾಗಲ್ಲ. ಲೋಮಾ, ನ್ಯೋಮಾ, ಮಾಹೆ, ಚುಮಾಥಾಂಗ್, ಉಪ್ಶಿ ಎಂದು ಸಿಂಧೂ ಜೊತೆಗೇ ಇಳಿಯುವ ದಾರಿ, ದೂರ 250 ಕಿಲೋಮೀಟರ್‌ ಆಸುಪಾಸು ಆದರೂ ನಡುವೆ ಪಾಸ್ ಇಲ್ಲ. ದಾರಿಯಲ್ಲಿ ಸಿಗುವ ಸೇನೆ, ಐಟಿಬಿಪಿ (ಗಡಿ ಪೊಲೀಸ್ ಪಡೆ) ನೆಲೆಗಳಲ್ಲಿ ನಿಂತು ಸಹಾಯ ಕೇಳಿ. ಲೇಹ್‌ನಲ್ಲಿ ಎಸ್‌ಎನ್‌ಎಂ ಆಸ್ಪತ್ರೆ ಇದೆ.

ಊರಲ್ಲಿ ಉಳಿದ ಒಬ್ಬರ ಕೈಗೆ ಒಂದು ಹಾಳೆ ಕೊಟ್ಟು ಹೋಗಿ. ಗಾಡಿ ನಂಬರು, ಬಣ್ಣ, ಎಲ್ಲರ ಹೆಸರು, ರಕ್ತದ ಗುಂಪು, ಎರಡೂ ಸಿಮ್ ನಂಬರು, ದಿನಕ್ಕೊಂದರಂತೆ ತಂಗುವ ಮನೆಯ ಫೋನು, ಯಾವ ದಾರಿಯಲ್ಲಿ ಎಂಬ ಸಾಲು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ‘ರಾತ್ರಿ ಎಂಟರೊಳಗೆ ಸಂದೇಶ ಬರದಿದ್ದರೆ ತಂಗುವ ಮನೆಗೆ ಫೋನ್ ಮಾಡು. ಮರುದಿನ ಮಧ್ಯಾಹ್ನ 12ಕ್ಕೂ ಸುದ್ದಿ ಇಲ್ಲದಿದ್ದರೆ ಲೇಹ್ ಪೊಲೀಸ್ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಈ ಹಾಳೆ ಓದು.’ ಕಂಟ್ರೋಲ್ ರೂಮಿನ ನಂಬರನ್ನು ಎಸ್‌ಟಿಡಿ ಕೋಡ್ ಸಮೇತ ಅಲ್ಲೇ ಬರೆಯಿರಿ, ಬೆಂಗಳೂರಿನಿಂದ 112 ಒತ್ತಿದರೆ ಕರ್ನಾಟಕದ ಕಂಟ್ರೋಲ್ ರೂಮಿಗೆ ಹೋಗುತ್ತದೆ.