ಸಂಕಟ ಎಂದರೆ ದುಃಖ ಅಲ್ಲ, ಡಾಕ್ಟ್ರೇ

ನೆರೆಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಮನೆಯಲ್ಲಿ ತುಳು, ಭಜನೆಗೆ ಕನ್ನಡ, ಮಲಯಾಳವೆಂದರೆ ಬಸ್ಸಿನ ಕಂಡಕ್ಟರನ ಹತ್ತಿರ ಆಡುವ ನಾಲ್ಕು ಮಾತು. ಜೂನ್ ತಿಂಗಳ ಒಂದು ಸೋಮವಾರ ಅವರನ್ನು ಕಾಸರಗೋಡು ಸೀಮೆಯ ನಮ್ಮ ಊರಿನ ಧರ್ಮಾಸ್ಪತ್ರೆಗೆ ಕರಕೊಂಡು ಹೋದವಳು ನಾನೇ. ಈಗ ಅದರ ಬೋರ್ಡಿನಲ್ಲಿ ಕುಟುಂಬ ಆರೋಗ್ಯ ಕೇಂದ್ರ ಎಂದಿದೆ. ಅಜ್ಜಿಗೆ ಅದು ಇವತ್ತಿಗೂ ಧರ್ಮಾಸ್ಪತ್ರೆ. ನಾನು ಚೀಟಿಯ ಹಣ ಕೊಟ್ಟು ಚಿಲ್ಲರೆಗೆ ಕಾಯುತ್ತಿದ್ದಾಗ ಅವರ ಸರದಿ ಬಂತು, ಒಬ್ಬರೇ ಒಳಗೆ ಹೋದರು.

"ಎದೆ ಸಂಕಟ ಆಗ್ತದೆ" ಎಂದಿದ್ದಾರೆ, ಕೈಯನ್ನು ಎದೆಯ ಮೇಲಿಟ್ಟು.

ಡಾಕ್ಟರ್ ತೆಂಕು ಕೇರಳದ ಹುಡುಗಿ. ಬಂದು ಒಂದು ತಿಂಗಳು ಆಗಿರಬೇಕು. ಮಲಯಾಳದಲ್ಲಿ ಸಂಕಟ ಅಂದರೆ ದುಃಖ. ದುಃಖ ಹೇಳಿಕೊಳ್ಳುವವರೂ ಕೈ ಇಡುವುದು ಅಲ್ಲೇ ಅಲ್ಲವಾ. ಪಾಪ, ಅವರು ಅಜ್ಜಿಯ ಕೈ ಹಿಡಿದುಕೊಂಡು ಮಕ್ಕಳ ವಿಷಯ ಕೇಳಿದರಂತೆ. ಮಗ ಗಲ್ಫಿನಲ್ಲಿರುವುದನ್ನು ಅಜ್ಜಿ ಹೇಳಿದರಂತೆ. ನಾನು ಬಾಗಿಲು ದೂಡಿ ಒಳಗೆ ಹೋದಾಗ ಡಾಕ್ಟರ್ ನಿದ್ದೆಗೆ, ಮನಸ್ಸಿನ ಸಮಾಧಾನಕ್ಕೆ ಏನೋ ಬರೆಯುತ್ತಿದ್ದರು. "ಡಾಕ್ಟ್ರೇ, ನಮ್ಮಲ್ಲಿ ಸಂಕಟ ಎಂದರೆ ದುಃಖ ಅಲ್ಲ, ಇವರಿಗೆ ನೋವು, ಉಸಿರು ಕಟ್ಟಿದ ಹಾಗೆ" ಎಂದು ನಾನು ಮಲಯಾಳದಲ್ಲಿ ಹೇಳಿದೆ. ಅವರ ಮುಖದ ಬಣ್ಣ ಹೋಯಿತು. ತಕ್ಷಣ ಎದ್ದರು, ಬಿಪಿ ನೋಡಿದರು, ಪೇಟೆಯ ಆಸ್ಪತ್ರೆಗೆ ಫೋನ್ ಮಾಡಿದರು, ಜೀಪು ಹತ್ತಿಸುವವರೆಗೆ ಅಂಗಳದಲ್ಲೇ ನಿಂತಿದ್ದರು. ಅಜ್ಜಿ ಉಳಿದರು. ಆ ಡಾಕ್ಟರ್ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ.

ನನಗೆ ಸಿಟ್ಟು ಬಂದದ್ದು ಅವರ ಮೇಜಿನ ಪಕ್ಕದ ಖಾಲಿ ಜಾಗ ನೋಡಿ. ಅಲ್ಲಿ ಒಬ್ಬ ಸಿಸ್ಟರ್ ನಿಲ್ಲುತ್ತಿದ್ದರು. ಇದೇ ಸೀಮೆಯವರು. ತುಳು, ಕನ್ನಡ, ಮಲಯಾಳ, ಬ್ಯಾರಿ ನಾಲ್ಕೂ ಬರುತ್ತದೆ. ಯಾವ ಡಾಕ್ಟರ್ ಬರಲಿ, ಯಾವ ಡಾಕ್ಟರ್ ಹೋಗಲಿ, ನಮ್ಮ ನಾಲಗೆಯಿಂದ ಅವರ ಕಿವಿಗೆ ದಾಟಿಸುತ್ತಿದ್ದವರು ಅವರು. ಆ ಸಿಸ್ಟರನ್ನು ಮೇ ತಿಂಗಳಿನಿಂದ ವಾರಕ್ಕೆ ಮೂರು ದಿನ ಬೇರೆ ಕೇಂದ್ರಕ್ಕೆ ಹಾಕಿದ್ದಾರೆ ಎಂದು ನನಗೆ ಗೊತ್ತಾದದ್ದು ಆ ಸೋಮವಾರ. ಹೇಳಿದವರು ಯಾರು? ಸಾಲಿನಲ್ಲಿ ನಿಂತಿದ್ದ ಆಶಾ ವರ್ಕರ್. ಗೋಡೆಯಲ್ಲಿ ಒಂದು ಕಾಗದವೂ ಅಂಟಿಸಿತ್ತು, ಬರೀ ಮಲಯಾಳದಲ್ಲಿ: ಇನ್ನು ಮುಂದೆ ಒ.ಪಿ., ಅಂದರೆ ಹೊರರೋಗಿಗಳನ್ನು ನೋಡುವುದು, ಮಧ್ಯಾಹ್ನದವರೆಗೆ ಮಾತ್ರ.

ನಾನು 2010ರಿಂದ 2015ರವರೆಗೆ ಈ ಪಂಚಾಯತಿನ ಮೆಂಬರ್ ಆಗಿದ್ದೆ. ಹೆಂಗಸರಿಗೆ ಅರ್ಧ ಸೀಟು ಬಂದ ಮೇಲಿನ ಮೊದಲ ಚುನಾವಣೆ ಅದು. ಅದಕ್ಕಿಂತ ಮೊದಲು ಬೀಡಿ ಕಟ್ಟುತ್ತಿದ್ದೆ, ಈಗಲೂ ಕಟ್ಟುತ್ತೇನೆ. ಐದು ವರ್ಷ ಆರೋಗ್ಯ ಶಿಕ್ಷಣ ಸ್ಥಾಯೀ ಸಮಿತಿಯಲ್ಲಿ ಕೂತಿದ್ದೆ. ಆಸ್ಪತ್ರೆಯ ಕಂಪೌಂಡಿಗೆ, ನೀರಿನ ಟ್ಯಾಂಕಿಗೆ, ಬೆಂಚುಗಳಿಗೆ, ಹಾಸಿಗೆ ಹಿಡಿದವರ ಆರೈಕೆಗೆ ಪಾಲಿಯೇಟಿವ್ ಸಿಸ್ಟರ್ ಮನೆಮನೆಗೆ ಹೋಗುವ ಜೀಪಿನ ಬಾಡಿಗೆಗೆ ಕೈ ಎತ್ತಿದ್ದೇನೆ. ಒಳಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ, ಹೋಗುವ ಮೊದಲು ನಮ್ಮನ್ನು ಏಕೆ ಕೇಳುವುದಿಲ್ಲ ಎಂದು ಒಂದು ಸಲವೂ ಕೇಳಲಿಲ್ಲ. ಆ ನೋವು ನನಗೆ ಉಂಟು.

ಕೇಳುವ ಹಕ್ಕು ಇರಲಿಲ್ಲ ಎಂದಲ್ಲ. ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು 1995ರಲ್ಲೇ ಗ್ರಾಮ ಪಂಚಾಯತುಗಳಿಗೆ ವಹಿಸಿದ್ದಾರೆ. ಕಟ್ಟಡ ನಮ್ಮದು, ದುರಸ್ತಿ ನಮ್ಮದು, ಸಂಜೆಯ ಒ.ಪಿ.ಗೆ ಗುತ್ತಿಗೆಯಲ್ಲಿ ಡಾಕ್ಟರನ್ನು ಇಡುವ ಹಣ ನಮ್ಮ ಪ್ಲಾನ್ ಫಂಡಿನದ್ದು. ಕಾಯಂ ಡಾಕ್ಟರ್, ಕಾಯಂ ಸಿಸ್ಟರ್ ಮಾತ್ರ ಇಲಾಖೆಯವರು. ಮನೆ ನಮ್ಮದು, ಆಳು ಅವರದ್ದು ಎಂಬ ಹಾಗೆ. 2017ರಲ್ಲಿ ಕೇರಳ ಸರಕಾರದ ಆರ್ದ್ರಂ ಎಂಬ ಆರೋಗ್ಯ ಯೋಜನೆ ಬಂದು, ಕೇಂದ್ರಗಳು ಒಂದೊಂದಾಗಿ ಕುಟುಂಬ ಆರೋಗ್ಯ ಕೇಂದ್ರಗಳಾದವು. ಸಂಜೆ ಆರರವರೆಗೆ ಒ.ಪಿ. ಎಂಬುದು ಆಗ ಕೊಟ್ಟ ಮಾತು. ನಮ್ಮಂಥ ಊರಿಗೆ ಆ ಮಾತಿನ ಬೆಲೆ ಎಷ್ಟು ಎಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ಬೆಳಿಗ್ಗೆ ಅಡಿಕೆ ತೋಟಕ್ಕೆ ಕೆಲಸಕ್ಕೆ ಹೋದವರು ಐದು ಗಂಟೆಗೆ ಬರುವುದು. ಬೀಡಿ ಕಟ್ಟುವವರು ಬ್ರಾಂಚಿಗೆ ಬೀಡಿ ಕೊಟ್ಟು, ಎಲೆ ಹೊಗೆಸೊಪ್ಪು ತೂಗಿಸಿಕೊಂಡು ಬರುವಾಗ ಮಧ್ಯಾಹ್ನ ಕಳೆದಿರುತ್ತದೆ. ಶುಗರಿನ ಮಾತ್ರೆಗೆ ಅರ್ಧ ದಿನದ ಕೂಲಿ ಬಿಡುವವರು ಎಷ್ಟು ತಿಂಗಳು ಬಿಟ್ಟಾರು? ಎರಡು ತಿಂಗಳು ಬಿಡುತ್ತಾರೆ. ಮೂರನೆಯ ತಿಂಗಳು ಮಾತ್ರೆಯನ್ನೇ ಬಿಡುತ್ತಾರೆ.

ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅಜ್ಜಿಯ ವಿಷಯ ಫೋನಿನಲ್ಲಿ ಹೇಳಿದಾಗ ಅವಳು, "ದೊಡ್ಡಮ್ಮ, ಇಲ್ಲಿ ಅದಕ್ಕೊಂದು ಕಮಿಟಿ ಉಂಟು" ಎಂದಳು. ಅಲ್ಲಿ 2001ರ ಒಂದು ಕಾನೂನಿನಿಂದ ಸ್ಥಳೀಯ ಕೌನ್ಸಿಲಿನ ಮೆಂಬರುಗಳಿಗೆ ಆರೋಗ್ಯ ಸೇವೆಯನ್ನು ಪರಿಶೀಲಿಸುವ ಅಧಿಕಾರ ಸಿಕ್ಕಿತಂತೆ. ಒಂದು ವಾರ್ಡು ಮುಚ್ಚಬೇಕು, ಹೆರಿಗೆ ವಿಭಾಗ ಬೇರೆ ಪೇಟೆಗೆ ಹೋಗಬೇಕು ಎಂಬಂಥ ದೊಡ್ಡ ಬದಲಾವಣೆಯಾದರೆ ಆಸ್ಪತ್ರೆಯವರು ಮೊದಲೇ ಆ ಕಮಿಟಿಯ ಮುಂದೆ ಬಂದು ಉತ್ತರ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಕಮಿಟಿ ನೇರ ಮಂತ್ರಿಗೆ ಕಳಿಸಬಹುದಿತ್ತು. ಆ ಕೊನೆಯ ಅಧಿಕಾರವನ್ನು 2024ರ ಜನವರಿ 31ರಿಂದ ತೆಗೆದಿದ್ದಾರೆ. ಮಂತ್ರಿಗೇ ಬೇಕೆಂದಾಗ ಕೈಹಾಕುವ ಹಾಗೆ ಮಾಡಿದ್ದಾರೆ. ಕೇಳುವ ಅಧಿಕಾರ ಮಾತ್ರ ಇನ್ನೂ ಇದೆ. ಅಷ್ಟು ದುಡ್ಡಿನ ದೇಶದಲ್ಲೂ ಇದಕ್ಕೆ ಜಗ್ಗಾಟ ನಡೆಯುತ್ತದೆ ಎಂದು ಕೇಳಿ ನನಗೆ ಒಂದು ರೀತಿ ಧೈರ್ಯ ಬಂತು.

ಆ ರಾತ್ರಿ ಹಳೆಯ ಟ್ರಂಕಿನಿಂದ ಮೆಂಬರ್ ತರಬೇತಿಯಲ್ಲಿ ಕೊಟ್ಟ ಪುಸ್ತಕ ತೆಗೆದೆ. 1994ರ ಕೇರಳ ಪಂಚಾಯತ್ ರಾಜ್ ಕಾನೂನು, ಸೆಕ್ಷನ್ 3ಎ. ಗ್ರಾಮಸಭೆಯ ಅಧಿಕಾರಗಳ ಪಟ್ಟಿ. ಅಧಿಕಾರಿಗಳು ಮುಂದಿನ ಮೂರು ತಿಂಗಳಲ್ಲಿ ಏನು ಸೇವೆ ಕೊಡುತ್ತಾರೆ, ಏನು ಕೆಲಸ ಮಾಡಲಿದ್ದಾರೆ ಎಂದು ತಿಳಿಯುವ ಹಕ್ಕು ಸಭೆಗೆ ಉಂಟು. ಪಂಚಾಯತಿನ ತೀರ್ಮಾನಕ್ಕೆ ಕಾರಣ ಏನೆಂದು ತಿಳಿಯುವ ಹಕ್ಕು ಉಂಟು. ಸಭೆ ತೀರ್ಮಾನಿಸಿದ್ದನ್ನು ಜಾರಿ ಮಾಡದಿದ್ದರೆ ಏಕೆ ಮಾಡಲಿಲ್ಲ ಎಂದು ವಿವರವಾಗಿ ತಿಳಿಯುವ ಹಕ್ಕೂ ಉಂಟು. ಮುಂದಿನ ಮೂರು ತಿಂಗಳು! ಅಂದರೆ ಸಿಸ್ಟರ್ ಹೋಗುವ ಮೊದಲೇ ನಮಗೆ ಗೊತ್ತಾಗಬೇಕಿತ್ತು. ನಾವು ಗ್ರಾಮಸಭೆಯನ್ನು ಮನೆ ಮಂಜೂರಿಯ, ಆಡು ಕೋಳಿ ವಿತರಣೆಯ ಪಟ್ಟಿ ಓದುವ ಸಭೆ ಮಾಡಿಬಿಟ್ಟಿದ್ದೇವೆ.

ಕುಟುಂಬಶ್ರೀ ಎಂಬ ಸ್ವಸಹಾಯ ಸಂಘದ ಹೆಂಗಸರು ನಾಲ್ಕು ಜನ ಸೇರಿ ಒಂದು ಇನ್ನೂರು ಪುಟದ ನೋಟುಬುಕ್ಕು ತಂದೆವು. ಎರಡು ವಾರ ಸರದಿಯಲ್ಲಿ ಆಸ್ಪತ್ರೆಯ ಜಗಲಿಯಲ್ಲಿ ಕೂತೆವು. ಮಧ್ಯಾಹ್ನದ ಮೇಲೆ ಬಂದು ಗೇಟು ನೋಡಿ ವಾಪಸು ಹೋದವರು ಯಾರು, ಎಷ್ಟು ದೂರದಿಂದ ಬಂದರು, ಯಾವ ಭಾಷೆ ಮಾತಾಡುತ್ತಾರೆ, ಆಮೇಲೆ ಎಲ್ಲಿಗೆ ಹೋದರು ಎಂದು ಗೆರೆ ಎಳೆದು ಬರೆದೆವು. ರೋಗದ ಹೆಸರು ಕೇಳಲಿಲ್ಲ, ಅದು ಅವರವರ ಗುಟ್ಟು. ಹೆಚ್ಚಿನವರು ಹೆಂಗಸರು. ಕೊನೆಯ ಕಾಲಮ್ಮಿನಲ್ಲಿ ಅತಿ ಹೆಚ್ಚು ಸಲ ಬರೆದ ಮಾತು "ಮನೆಗೆ".

ಅರ್ಜಿಯನ್ನು ಕನ್ನಡದಲ್ಲೇ ಬರೆದೆ. 1969ರ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಕೇರಳದ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ತುಂಬ ಜನ ಕೆಲಸ ಬೇಗ ಆಗಲಿ ಎಂದು ಯಾರಿಂದಲಾದರೂ ಮಲಯಾಳದಲ್ಲಿ ಬರೆಸುತ್ತಾರೆ. ನಾನು ಅವರನ್ನು ದೂರುವುದಿಲ್ಲ. ಆದರೆ ಈ ಅರ್ಜಿಯ ವಿಷಯವೇ ಭಾಷೆ.

ಆಗಸ್ಟಿನಲ್ಲಿ ಗ್ರಾಮಸಭೆ, ಶಾಲೆಯ ಹಾಲಿನಲ್ಲಿ. ಹೊರಗೆ ಧೋ ಎಂದು ಮಳೆ. ಕೋರಂಗೆ ವಾರ್ಡಿನ ಮತದಾರರಲ್ಲಿ ಹತ್ತಕ್ಕೆ ಒಬ್ಬರಾದರೂ ಬೇಕು, ಆ ದಿನ ಅದಕ್ಕಿಂತ ಹೆಚ್ಚೇ ಬಂದಿದ್ದರು. ಆಸ್ಪತ್ರೆಯ ಕಡೆಯಿಂದ ಹೆಲ್ತ್ ಇನ್ಸ್‌ಪೆಕ್ಟರ್ ಬಂದಿದ್ದರು. ನಾನು ಎದ್ದು ಎರಡು ವಿಷಯ ಕೇಳಿದೆ.

ಸಂಜೆಯ ಒ.ಪಿ. ಏಕೆ ನಿಂತಿತು? ಇದಕ್ಕೆ ಉತ್ತರ ಕೊಡಬೇಕಾದವರು ಇಲಾಖೆಯವರಲ್ಲ, ವೇದಿಕೆಯಲ್ಲಿ ಕೂತ ನಮ್ಮ ಪಂಚಾಯತಿನವರೇ. ಗುತ್ತಿಗೆಯ ಡಾಕ್ಟರ ಅವಧಿ ಮಾರ್ಚಿಗೆ ಮುಗಿದಿತ್ತು. ಹೊಸ ವರ್ಷದ ಯೋಜನೆಯಲ್ಲಿ ಆ ಬಾಬ್ತು ಬಿಟ್ಟುಹೋಗಿ, ತಿದ್ದುಪಡಿಗೆ ಕಾಯುತ್ತಿತ್ತು. ಅಧ್ಯಕ್ಷರು ಸುತ್ತಿ ಬಳಸದೆ ಹೇಳಿದರು: "ತಪ್ಪಿದ್ದು ನಮ್ಮಲ್ಲಿ." ಸಭೆಯಲ್ಲಿ ಇಂಥ ಮಾತು ನಾನು ಕೇಳಿದ್ದು ಕಡಿಮೆ. ನನಗೆ ಅವರ ಮೇಲೆ ಗೌರವ ಹೆಚ್ಚಿತು.

ಸಿಸ್ಟರ್ ವಿಷಯಕ್ಕೆ ಇನ್ಸ್‌ಪೆಕ್ಟರ್ ಎದ್ದರು. "ಅದು ಬದಲಾವಣೆ ಅಲ್ಲ ಮೆಂಬರಕ್ಕ, ವರ್ಕಿಂಗ್ ಅರೇಂಜ್‌ಮೆಂಟ್. ಹುದ್ದೆ ಇಲ್ಲೇ ಉಂಟು. ಆ ದಿನಗಳಿಗೆ ಬೇರೆ ಸಿಸ್ಟರ್ ಬರುತ್ತಾರೆ." ಅವರು ಹೇಳಿದ್ದು ಸುಳ್ಳಲ್ಲ. ಕಾಗದದಲ್ಲಿ ಒಬ್ಬ ನರ್ಸ್ ಹೋಗಿ ಒಬ್ಬ ನರ್ಸ್ ಬಂದರೆ ಲೆಕ್ಕ ಸರಿ. ಬಂದ ಸಿಸ್ಟರ್ ಕೂಡ ಒಳ್ಳೆಯವರೇ. ಆದರೆ ಭಾಷೆ ಎಂಬ ಕಾಲಮ್ಮು ಆ ರಿಜಿಸ್ಟರಿನಲ್ಲಿ ಇಲ್ಲ. ನಾನು ಅಜ್ಜಿಯ ಕಥೆ ಹೇಳಿದೆ, ಹೆಸರು ಹೇಳಲಿಲ್ಲ. ಹಾಲಿನಲ್ಲಿ ಮಳೆಯ ಸದ್ದು ಮಾತ್ರ. ಹಿಂದಿನ ಬೆಂಚಿನಿಂದ ಒಬ್ಬರು ಎದ್ದು, ಅವರ ತಾಯಿ "ಬಂಜಿ ಬೇನೆ" ಎಂದದ್ದು ಯಾರಿಗೂ ಅರ್ಥವಾಗದೆ ಹೊಟ್ಟೆನೋವಿನಲ್ಲೇ ವಾಪಸು ಬಂದದ್ದನ್ನು ಹೇಳಿದರು. ಆಮೇಲೆ ಮೂವರು, ಐವರು. ಮಿನಿಟ್ಸ್ ಬರೆಯುತ್ತಿದ್ದ ಕ್ಲಾರ್ಕಿಗೆ ನಾನು, ಸಂಕಟ ಎಂಬ ಶಬ್ದವನ್ನು ಹಾಗೆಯೇ ಬರೆದು, ನಮ್ಮಲ್ಲಿ ಅದರ ಅರ್ಥ ಇದು ಎಂದು ಸೇರಿಸಲು ಹೇಳಿದೆ. ಸೇರಿಸಿದರು.

ಇದನ್ನೆಲ್ಲ ಇಷ್ಟು ಎಳೆದು ಬರೆಯುವುದಕ್ಕೆ ಕಾರಣ ನಾವು ಇರುವ ಜಾಗ. ಚಂದ್ರಗಿರಿ ಹೊಳೆಯ ಬಡಗಿನ ನಮಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ಹೊಸಂಗಡಿ, ಮಂಜೇಶ್ವರದವರಿಗೆ ಅದು ಇಪ್ಪತ್ತು ಚಿಲ್ಲರೆ ಕಿಲೋಮೀಟರ್. 1956ರಲ್ಲಿ ರಾಜ್ಯದ ಗೆರೆ ಬಿತ್ತು, ಕಾಯಿಲೆ ಬಿದ್ದವರ ದಾರಿ ಬದಲಾಗಲಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಎಂದು ಕರ್ನಾಟಕದವರು ಆ ದಾರಿಗೇ ಮಣ್ಣು ಸುರಿದರು. ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತಿತು, ಗಡಿ ದಾಟಲಾರದೆ ಜನ ತೀರಿಕೊಂಡರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ದಾರಿ ಬಿಡಿಸಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. 2013ರಲ್ಲಿ ಶಿಲಾನ್ಯಾಸವಾಗಿ ಅರ್ಧಕ್ಕೆ ನಿಂತಿದ್ದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡಕ್ಕೆ ಅದೇ ಏಪ್ರಿಲಿನ ಮೊದಲ ವಾರ ತಿರುವನಂತಪುರದಿಂದ ಡಾಕ್ಟರುಗಳು ಬಂದು ಕೋವಿಡ್ ಆಸ್ಪತ್ರೆ ತೆರೆದರು.

ಇನ್ನು ಎಂಡೋಸಲ್ಫಾನ್ ಎಂಬ ಕೀಟನಾಶಕ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ವಿಷ ಹೊಡೆದದ್ದು 2000ದವರೆಗೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದರಿಂದ ಕಾಯಿಲೆ ಬಿದ್ದವರಿಗೆ ಮೂರು ತಿಂಗಳೊಳಗೆ ಐದೈದು ಲಕ್ಷ ಪರಿಹಾರ ಕೊಡಿ, ಜೀವನಪೂರ್ತಿ ಚಿಕಿತ್ಸೆಯ ವ್ಯವಸ್ಥೆ ನೋಡಿ ಎಂದಿತ್ತು. 2022ರ ಆಗಸ್ಟಿನಲ್ಲಿ ಅದೇ ಕೋರ್ಟು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರನ್ನು ಇಲ್ಲಿನ ದೊಡ್ಡ ಆಸ್ಪತ್ರೆಯಿಂದ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಹೋಗಿ ಸೌಲಭ್ಯ ನೋಡಿ ವರದಿ ಕೊಡಲು ಕಳಿಸಿತು. ನಮ್ಮ ಊರಿನ ಆಸ್ಪತ್ರೆಯಲ್ಲಿ ಏನಿದೆ ಏನಿಲ್ಲ ಎಂದು ನೋಡಲು ದೆಹಲಿಯಿಂದ ಹೇಳಬೇಕಾಯಿತು. ನಾವು ಜಗಲಿಯಲ್ಲಿ ಕೂತು ನೋಟುಬುಕ್ಕಿನಲ್ಲಿ ಬರೆಯಬಹುದಾದದ್ದು ಅದು.

ಸಭೆಯ ತೀರ್ಮಾನ ಪಂಚಾಯತಿಗೆ ಹೋಯಿತು, ಅಲ್ಲಿಂದ ಜಿಲ್ಲಾ ವೈದ್ಯಾಧಿಕಾರಿಗೆ. ಗುತ್ತಿಗೆಯ ಡಾಕ್ಟರ್ ಸೆಪ್ಟೆಂಬರಿನಲ್ಲಿ ಬಂದರು, ಸಂಜೆಯ ಒ.ಪಿ. ಮತ್ತೆ ಶುರುವಾಗಿದೆ. ಗೋಡೆಯ ಕಾಗದ ಈಗ ಎರಡು ಭಾಷೆಯಲ್ಲಿದೆ. ಸೋಮವಾರದ ಹುಡುಗಿ ಡಾಕ್ಟರ್ ಒಂದು ದಿನ ನನ್ನನ್ನು ಕರೆದು, ನಮ್ಮ ಶಬ್ದಗಳನ್ನು ಮಲಯಾಳ ಅಕ್ಷರದಲ್ಲಿ ಬರೆದುಕೊಡುತ್ತೀರಾ ಎಂದು ಕೇಳಿದರು. ಬಂಜಿ ಬೇನೆ, ಸೆಮ್ಮ, ಉಬ್ಬಸ, ಕೈಕಾಲು ಜೋಮು, ತಲೆ ತಿರುಗುವುದು. ಸಂಕಟ ಎಲ್ಲಕ್ಕಿಂತ ಮೇಲೆ. ಆ ಹಾಳೆ ಅವರ ಮೇಜಿನ ಗಾಜಿನ ಅಡಿಯಲ್ಲಿದೆ.

ಸಿಸ್ಟರ್ ಮಾತ್ರ ಈಗಲೂ ಸೋಮವಾರ, ಬುಧವಾರ, ಶುಕ್ರವಾರ ಇಲ್ಲ. ನನ್ನ ಅರ್ಜಿಗೆ ಬಂದ ಉತ್ತರ ಎರಡು ಸಾಲು, ಕನ್ನಡದಲ್ಲಿ: ಪರಿಶೀಲನೆಯಲ್ಲಿದೆ. ಮುಂದಿನ ಗ್ರಾಮಸಭೆ ಬರುವ ತಿಂಗಳು. ತೀರ್ಮಾನ ಏಕೆ ಜಾರಿಯಾಗಲಿಲ್ಲ ಎಂಬ ಪ್ರಶ್ನೆಯನ್ನು ಈಗಲೇ ಬರೆದು ಕೊಟ್ಟಿದ್ದೇನೆ. ಅಜ್ಜಿ ತಾನೂ ಬರುತ್ತೇನೆ ಎಂದಿದ್ದಾರೆ. ಶಾಲೆಯ ಮೆಟ್ಟಿಲು ಹತ್ತಲು ಅವರಿಗೆ ಆಗುವುದಿಲ್ಲ, ಹಿಂದಿನ ಬಾಗಿಲಿನವರೆಗೆ ರಿಕ್ಷಾ ಬರುವ ಹಾಗೆ ಹೇಳಿಟ್ಟಿದ್ದೇನೆ.